ಮಹಾಪೆಯ ಕ್ಯಾಂಟೀನಿಗೆ ಧಣಿ ಬರಲಿಲ್ಲ

ನಮ್ಮ ಧಣಿಯಷ್ಟು ಬೈಯುವ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಹಾಗಂತ ಒಂದು ಕೆಟ್ಟ ಮಾತು ಆಡಿದವರಲ್ಲ. ಬೈಯುವುದಕ್ಕೆ ಕೆಟ್ಟ ಮಾತೇ ಬೇಕು ಅಂತ ಯಾರು ಹೇಳಿದ್ದು? ತೊಳೆದಿಟ್ಟ ತಟ್ಟೆಯ ಮೇಲೆ ಬೆರಳು ಸವರಿ, ಒದ್ದೆ ತಾಗಿದರೆ ಆ ತಟ್ಟೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಎಂತ ಇದು ಮಾರಾಯ್ತಿ? ತಟ್ಟೆಯಾ, ಕೆರೆಯಾ? ಮೀನು ಬಿಡುವನಾ?" ಅನ್ನುತ್ತಿದ್ದರು. ಸುತ್ತ ನಿಂತವರೆಲ್ಲ ಕಿಸಕ್ಕನೆ ನಗುತ್ತಿದ್ದರು. ನನಗೆ ಮಾತ್ರ ಎಲ್ಲಿ ಹೋಗಿ ಮುಖ ಮುಚ್ಚಿಕೊಳ್ಳಲಿ ಅನ್ನಿಸುತ್ತಿತ್ತು.

ಅದು ಥಾಣೆಯ ಒಂದು ಕಾರ್ಖಾನೆಯ ಕ್ಯಾಂಟೀನ್. ಧಣಿ ಉಡುಪಿ ಕಡೆಯವರು. ಕಾರ್ಖಾನೆಗಳ ಕ್ಯಾಂಟೀನ್ ಗುತ್ತಿಗೆ ಹಿಡಿದು ನಡೆಸುವುದು ಅವರ ಕಸುಬು. ನಾನು ಗದಗಿನ ಕಡೆಯವಳು, ಮದುವೆಯಾಗಿ ಡೊಂಬಿವಲಿಗೆ ಬಂದವಳು. ನಮ್ಮ ಮನೆಯವರು ಭಿವಂಡಿಯ ಗೋದಾಮೊಂದರಲ್ಲಿ ಕೆಲಸಕ್ಕಿದ್ದರು, ನಾನು ಮನೆಯಲ್ಲಿ ಗೋಡೆ ನೋಡಿಕೊಂಡು ಕೂತು ಬೇಸತ್ತಿದ್ದೆ. ಧಣಿಯ ಹೆಂಡತಿ ನಮ್ಮ ಬಿಲ್ಡಿಂಗಿನ ಹಿಂದಿನ ಗಲ್ಲಿಯಲ್ಲಿದ್ದರು. ಅವರೇ ಗಂಡನಿಗೆ ಹೇಳಿ ನನ್ನನ್ನು ಕೂಪನ್ ಹರಿಯುವ ಕೆಲಸಕ್ಕೆ ಸೇರಿಸಿದರು. ಕೂಪನ್ ಹರಿಯುತ್ತ ಕೂತವಳನ್ನು ಮೆಲ್ಲಗೆ ಅಡುಗೆಮನೆಯ ಉಸ್ತುವಾರಿಗೆ ಎಳೆದುಕೊಂಡವರು ಧಣಿ.

ಅವರ ಮೂಗು ತೂರದ ಜಾಗ ಆ ಕ್ಯಾಂಟೀನಿನಲ್ಲಿ ಇರಲಿಲ್ಲ. ಬೀನ್ಸ್ ಹೆಚ್ಚುವವಳ ಪಕ್ಕ ನಿಂತು ತುಂಡು ಎತ್ತಿ ಬೆಳಕಿಗೆ ಹಿಡಿಯುವರು. ಅನ್ನದ ಅಗುಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡುವರು. ಕೊನೆಗೆ ಎಂಜಲು ಡಬ್ಬಿಯ ಮುಚ್ಚಳ ತೆಗೆದು, ಏನು ಹೆಚ್ಚು ಬಿದ್ದಿದೆ ಅಂತ ಬಗ್ಗಿ ನೋಡುವರು. ಎಲ್ಲದಕ್ಕೂ ಒಂದೊಂದು ಮಾತು. ಸಂಜೆ ಲೋಕಲ್ ಟ್ರೇನಿನಲ್ಲಿ ಕೂತರೂ ಆ ದನಿ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. "ಈ ಮನುಷ್ಯಾಗ ಬಾಯಿ ನೋಯೂದಿಲ್ಲೇನು?" ಅಂತ ನಾನು ಮನೆಯಲ್ಲಿ ಎಷ್ಟು ಸಲ ಒದರಾಡಿದ್ದೇನೋ!

ಆದರೆ ಒಂದು ವಿಚಿತ್ರವನ್ನೂ ಹೇಳಬೇಕು. ಹೊಸದಾಗಿ ಸೇರಿದವರಿಗೆ ಕೆಲವು ದಿನ ಬೈಗುಳ ಬೀಳದೇ ಹೋದರೆ ಅವರು ಬಂದು ನಮ್ಮ ಹತ್ತಿರ ಮೆಲ್ಲಗೆ ಕೇಳುತ್ತಿದ್ದರು, "ಧಣಿಗೆ ನನ್ನ ಮೇಲೆ ಸಿಟ್ಟಾ?" ಅಂತ. ಬೈಯಿಸಿಕೊಂಡ ದಿನ ಅವರ ಮುಖ ಅರಳುತ್ತಿತ್ತು. ಕಾರ್ಖಾನೆಯ ಸಾಹೇಬರಿಗೆ, ತರಕಾರಿ ಟೆಂಪೊದವನಿಗೆ, ಬೀಗರಿಗೆ ಧಣಿ ನಗುನಗುತ್ತ ಒಳ್ಳೆಯ ಮಾತು ಆಡುತ್ತಿದ್ದರು. ನಮ್ಮ ಪಾಲಿಗೆ ಆ ನಗು ಇರಲಿಲ್ಲ, ಯಾರಿಗೂ ಅದು ಬೇಕೂ ಇರಲಿಲ್ಲ.

ಥಾಣೆಯಿಂದ ವಾಶಿಗೆ ಹೊಸ ಲೈನಿನಲ್ಲಿ ಟ್ರೇನು ಓಡಾಡಲು ಶುರುವಾದ ಮೇಲಿನ ಮಾತು. ಆ ಲೈನಿಗೆ ಹತ್ತಿರದ ಮಹಾಪೆಯಲ್ಲಿ ಒಂದು ಕಂಪನಿಯ ಕ್ಯಾಂಟೀನ್ ನಮ್ಮ ಧಣಿಗೆ ಸಿಕ್ಕಿತು. ಒಂದು ಮಧ್ಯಾಹ್ನ ನನ್ನನ್ನು ಕರೆದು ಕೀಲಿಕೈಗೊಂಚಲು ಕೈಗಿಟ್ಟರು.

"ನಾಳೆಯಿಂದ ಅಲ್ಲಿಯದ್ದು ನೀನು ನೋಡ್ಕೊ."

"ನಾ ಒಬ್ಬಾಕಿನಾ? ನೀವ್ ಬರೂದಿಲ್ರಿ?"

"ನಾನು ಬರುದಿಲ್ಲ."

"ವಾರಕ್ಕೊಮ್ಮೆರ ಬರ್ರಿ."

"ವಾರಕ್ಕೂ ಇಲ್ಲ, ತಿಂಗಳಿಗೂ ಇಲ್ಲ. ಕೇಳು ಮಾರಾಯ್ತಿ. ನಾನು ಅಲ್ಲಿ ಕಾಲಿಟ್ರೆ ಎಲ್ಲರೂ ನನ್ನ ಮೋರೆ ನೋಡ್ತಾರೆ. ಆಮೇಲೆ ನಿನ್ನ ಮಾತಿಗೆ ಎಂತ ಬೆಲೆ ಉಂಟು? ನನ್ನ ಬುದ್ಧಿ ನನಗೆ ಗೊತ್ತುಂಟು, ಬಂದ್ರೆ ಈ ಬಾಯಿ ಸುಮ್ಮನೆ ಇರುದಿಲ್ಲ. ಅದಕ್ಕೇ ಬರುದಿಲ್ಲ. ಅದು ನಿನ್ನ ಜಾಗ, ನೀನೇ ನಡೆಸು."

ಕಂಡವರ ಪಾತ್ರೆಗೆಲ್ಲ ಇಣುಕಿ ನೋಡಿದ ಮನುಷ್ಯ, ನನಗೋಸ್ಕರ ಒಂದು ಕಡೆ ಇಣುಕುವುದಿಲ್ಲ ಅಂದಿದ್ದರು. ಅದು ಎಂಥ ದೊಡ್ಡ ಮಾತು ಅಂತ ನನಗೆ ಆಗ ಹೊಳೆಯಲಿಲ್ಲ. ಅಯ್ಯ ಶಿವನೇ, ಪಾರಾದೆ ಅನ್ನಿಸಿತು, ಅಷ್ಟೇ. ಆ ಸಂಜೆ ಥಾಣೆ ಸ್ಟೇಷನ್ನಿನ ಹೊರಗೆ ಮಲ್ಲಿಗೆ ಕೊಂಡು ಮುಡಿದುಕೊಂಡು ಮನೆಗೆ ಹೋದೆ.

ಮಹಾಪೆಯಲ್ಲಿ ಮೊದಲ ವಾರಗಳಲ್ಲಿ ನಾನು ಮಾಡಿದ್ದೇನು? ಥೇಟ್ ಧಣಿಯ ಅವತಾರ. ತಟ್ಟೆಗೆ ಬೆರಳು, ಅನ್ನಕ್ಕೆ ಬೆರಳು, ಎಂಜಲು ಡಬ್ಬಿಗೂ ಮೂಗು. ಕುಂದಾಪುರದ ಕಡೆಯ ಮುಖ್ಯ ಅಡುಗೆಯವರು ನನಗಿಂತ ಹಿರಿಯರು, ಮಾತು ಕಡಿಮೆ. ಒಂದು ದಿನ ನಾನು ಅವರ ಸಾರಿನ ಪಾತ್ರೆಗೆ ಸೌಟು ಹಾಕಿ ಕಲಕುತ್ತಿದ್ದಾಗ, ಹೆಗಲ ಮೇಲಿನ ಬೈರಾಸು ತೆಗೆದು ನನ್ನ ಹೆಗಲಿಗೆ ಹಾಕಿದರು.

"ಅಕ್ಕ, ನೀವೇ ಮಾಡಿ. ನಾನು ಹೋಗಿ ಕೂಪನ್ ಹರಿತೇನೆ."

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಏನು ಸೊಕ್ಕು ಇವನಿಗೆ ಅಂತ ಉರಿದುಹೋದೆ. ಆದರೆ ಟ್ರೇನಿನಲ್ಲಿ ಡೊಂಬಿವಲಿ ಮುಟ್ಟುವ ಹೊತ್ತಿಗೆ ಉರಿ ಇಳಿದು ಬರೀ ನಾಚಿಕೆ ಉಳಿದಿತ್ತು. ಧಣಿ ಬೈದರೆ ಅದರ ಹಿಂದೆ ಒಬ್ಬಳ ಮಗಳ ಫೀ, ಇನ್ನೊಬ್ಬನ ಅಮ್ಮನ ಆಪರೇಶನ್ ಎಲ್ಲವನ್ನೂ ಕೇಳಿ ತಿಳಿದುಕೊಂಡ ಮನುಷ್ಯ ಇದ್ದರು. ನಾನೋ ಅವರ ಬಾಯಿಯನ್ನಷ್ಟೇ ಎತ್ತಿಕೊಂಡು ಬಂದಿದ್ದೆ. ಆ ಬಾಯಿ ನನಗೆ ಒಗ್ಗುವಂಥದ್ದಲ್ಲ ಅಂತ ಅಂದೇ ಗೊತ್ತಾಯಿತು.

ಮರುದಿನ ನನ್ನ ಕುರ್ಚಿಯನ್ನು ಅಡುಗೆಮನೆಗೆ ಬೆನ್ನು ಮಾಡಿ ಹಾಕಿಸಿದೆ. ಎಲ್ಲರನ್ನೂ ಕರೆದು, "ನಿಮ್ಮ ಕೆಲಸ ನಿಮಗ ಗೊತ್ತೈತಿ. ಏನರ ಅಡಚಣಿ ಬಂದ್ರ ಕರೀರಿ. ಕರೆಯೂ ತನಕಾ ನಾ ಒಳಗ ಬರಂಗಿಲ್ಲ," ಅಂದೆ. ಹೇಳಿದಷ್ಟು ಸುಲಭ ಅಲ್ಲ ಅದು! ಒಳಗೆ ಪಾತ್ರೆ ಧಡಾರನೆ ಬಿದ್ದರೆ ನಾನು ಇಲ್ಲಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂರಬೇಕು. ಒಗ್ಗರಣೆ ಸೀದ ವಾಸನೆ ಬಂದರೂ ಕತ್ತು ಹೊರಳಿಸಬಾರದು. ತರಕಾರಿ ಹೆಚ್ಚಲು ಬದಲಾಪುರದಿಂದ ಬರುತ್ತಿದ್ದ ಹೆಂಗಸು, ನಾವೆಲ್ಲ ಮರಾಠಿ ಬಾಯಿ ಅನ್ನುತ್ತಿದ್ದವಳು, ನನ್ನ ಒದ್ದಾಟ ನೋಡಿ, "ತಾಈ, ಆರಾಮ್ ಸೇ ಬೈಠೋ," ಅಂತ ಬಾಗಿಲಿನಿಂದಲೇ ನಗುತ್ತಿದ್ದಳು.

ಸ್ವಲ್ಪ ದಿನ ಎಡವಟ್ಟುಗಳಾದವು. ಒಂದು ದಿನ ಮೊಸರು ಹೆಪ್ಪಾಗಲಿಲ್ಲ, ಒಂದು ದಿನ ಚಪಾತಿ ಕಡಿಮೆ ಬಿದ್ದು ಕಂಪನಿಯವರು ಗಲಾಟೆ ಮಾಡಿದರು. ಅಡುಗೆಯವರೇ ಹೊರಗೆ ಬಂದು ಅವರಿಗೆ ಸಮಾಧಾನ ಹೇಳಿದರು, ಮರುದಿನದಿಂದ ಕಣಕ ಹೆಚ್ಚು ಕಲಸಿದರು. ಆಮೇಲೆ ಮರಾಠಿ ಬಾಯಿ ಶನಿವಾರ ಭಾಕ್ರಿ, ಅಂದರೆ ನಮ್ಮ ಕಡೆಯ ರೊಟ್ಟಿ, ಮಾಡೋಣ ಅಂದಳು. ಅಡುಗೆಯವರು ಅದಕ್ಕೆ ಹುರುಳಿ ಸಾರು ಜೋಡಿಸಿದರು. ಶನಿವಾರ ರಜೆ ಹಾಕುತ್ತಿದ್ದ ಕೆಲಸಗಾರರು ರಜೆ ಹಾಕುವುದನ್ನೇ ಬಿಟ್ಟರು ಅಂತ ಕಂಪನಿಯ ಸಾಹೇಬರು ತಮಾಷೆ ಮಾಡಿದರು. ನಾನು ಹೇಳಿಕೊಟ್ಟದ್ದು ಅದರಲ್ಲಿ ಏನೂ ಇರಲಿಲ್ಲ.

ಒಂದು ಮಳೆಗಾಲದಲ್ಲಿ ಟ್ರೇನುಗಳು ನಿಂತುಬಿಟ್ಟವು. ನಾನು ಡೊಂಬಿವಲಿ ಸ್ಟೇಷನ್ನಿನಿಂದ ಆಚೆ ಹೋಗಲಾಗದೆ ತೊಯ್ದು ತೊಪ್ಪೆಯಾಗಿ ಮನೆಗೆ ವಾಪಸಾದೆ. ಫೋನೂ ಹತ್ತಲಿಲ್ಲ. ಮರುದಿನ ಹೋಗಿ ನೋಡಿದರೆ, ಹತ್ತಿರದ ಘನ್ಸೋಲಿಯಲ್ಲಿ ಇರುತ್ತಿದ್ದ ನಮ್ಮ ಅಡುಗೆಮನೆಯವರು ಮೊಣಕಾಲು ನೀರಿನಲ್ಲಿ ನಡೆದು ಬಂದು, ಕಂಪನಿಯಲ್ಲಿ ಸಿಕ್ಕಿಬಿದ್ದವರಿಗೆಲ್ಲ ಖಿಚಡಿ ಮಾಡಿ ಹಾಕಿದ್ದರು. ಅಡುಗೆಮನೆ ತೊಳೆದು ಒರೆಸಿ ಇಟ್ಟಿದ್ದರು. ನನ್ನ ಕಣ್ಣು ತುಂಬಿತು. ಯಾರಿಗಾದರೂ ಹೇಳಬೇಕು. ಯಾರಿಗೆ? ಧಣಿಗೆ ಫೋನು ಹಚ್ಚಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಹೌದಾ? ಒಳ್ಳೆದು," ಅಂದರು. ಫೋನ್ ಇಟ್ಟರು.

ಅಷ್ಟೇನಾ? ಖಿಚಡಿಗೆ ತುಪ್ಪ ಹಾಕಿದ್ರಾ ಅಂತ ಕೇಳಬೇಕಿತ್ತು. ಅಷ್ಟು ಜನಕ್ಕೆ ಯಾವ ಪಾತ್ರೆಯಲ್ಲಿ ಮಾಡಿದ್ರಿ, ಅಡಿ ಹಿಡಿಯಲಿಲ್ಲವಾ, ನೀನು ಯಾಕೆ ಮನೆಯಲ್ಲಿ ಬೆಚ್ಚಗೆ ಕೂತದ್ದು ಅಂತ ಕೂಗಾಡಬೇಕಿತ್ತು. ಅಂದಿನಿಂದ ನನಗೆ ಒಂದೇ ಆಸೆ ಹತ್ತಿಕೊಂಡಿತು. ಈ ಮನುಷ್ಯ ಒಮ್ಮೆ ಬಂದು ಈ ಕ್ಯಾಂಟೀನನ್ನು ಕಣ್ಣಾರೆ ನೋಡಬೇಕು. ನೋಡಿ ಬೈಯಬೇಕು.

ಪ್ರತಿ ವರ್ಷ ಆಯುಧ ಪೂಜೆಗೆ ಕರೆದೆ. ಬರಲಿಲ್ಲ. ಥಾಣೆಯಿಂದ ಯಾರ ಕೈಯಲ್ಲಾದರೂ ತೆಂಗಿನಕಾಯಿ, ಹೂವು ಕಳಿಸುತ್ತಿದ್ದರು. "ಕಾಯಿ ನೀನೇ ಒಡಿ. ನಾನು ಹೇಳಿದ ಮಾತು ಮಾತು," ಅನ್ನುತ್ತಿದ್ದರು. ಏನು ಹಟ ರೀ ಅದು! ಮನೆಯಲ್ಲಿ ನಾನು ಸಿಡಿಮಿಡಿ ಅನ್ನುತ್ತಿದ್ದರೆ ನಮ್ಮ ಮನೆಯವರು ಕಾಡುತ್ತಿದ್ದರು, "ಬೈಸಿಕೊಳ್ಳಾಕ ಇಷ್ಟ್ಯಾಕ ಹಂಬಲಸ್ತಿ? ನಾ ಅದೀನಲ್ಲ, ನಾ ಬೈತೀನಿ ಬಾ." ನಗು ಬರುತ್ತಿತ್ತು, ಅದರ ಹಿಂದೆಯೇ ಅಳುವೂ ಬರುತ್ತಿತ್ತು. ಅವರು ನನ್ನನ್ನು ನಂಬಿ ದೂರ ಇದ್ದಾರೆ ಅಂತ ತಲೆಗೆ ಗೊತ್ತಿತ್ತು. ಆದರೆ ಹೊಟ್ಟೆಯೊಳಗೆ ಯಾರೋ, ಇವಳನ್ನು ಮರೆತೇಬಿಟ್ಟರು ನೋಡು ಅನ್ನುತ್ತಲೇ ಇದ್ದರು.

ನಮ್ಮ ಅಡುಗೆಯವರೂ ಆಗಾಗ ಒಳಗಿನಿಂದ, "ಅಕ್ಕ, ಒಮ್ಮೆ ಬನ್ನಿ," ಅಂತ ಕರೆಯುತ್ತಿದ್ದರು. ಏನಾಯಿತೋ ಅಂತ ಎದ್ದು ಓಡಿದರೆ ಏನೂ ಆಗಿರುತ್ತಿರಲಿಲ್ಲ. ಪಾತ್ರೆ ತುಂಬ ಹೂವಿನಂಥ ಅನ್ನ ಆಗಿರುತ್ತಿತ್ತು, ಅಷ್ಟೇ. ನೋಡಲಿ ಅಂತ ಕರೆದಿರುತ್ತಿದ್ದರು. ನಾನು ಸುಮ್ಮನೆ ನಿಂತು ನೋಡುತ್ತಿದ್ದೆ, ಅವರು ಸುಮ್ಮನೆ ಪಕ್ಕದಲ್ಲಿ ನಿಲ್ಲುತ್ತಿದ್ದರು. ಕೆಲಸ ಮಾಡುವವರ ತಲೆಯ ಮೇಲೆ ಕೂರಬಾರದು ನಿಜ, ಆದರೆ ಅವರು ಕರೆದಾಗ ಹೋಗಿ ನೋಡದೇ ಇರಬಾರದು ಅಂತ ನಾನು ಕಲಿತದ್ದು ಅಲ್ಲಿ. ನನ್ನ ಕರೆಗೆ ಮಾತ್ರ ಯಾರೂ ಬರುತ್ತಿರಲಿಲ್ಲ.

ಆಮೇಲೆ ಒಂದು ದಿನ ಧಣಿ ಡೊಂಬಿವಲಿಯಲ್ಲಿ ಇಳಿಯುವುದು ಮರೆತು ಕಲ್ಯಾಣಕ್ಕೆ ಹೋದರು. ಅಲ್ಲಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಮನೆಗೆ ಹೋಗುವುದು ಹೇಗೆ ಅಂತ ಪಕ್ಕದವರನ್ನು ಕೇಳಿದರಂತೆ. ಮೊದಲು ನಾವೆಲ್ಲ ನಕ್ಕೆವು. ಬರಬರುತ್ತ ನಗುವ ಮಾತಾಗಿ ಉಳಿಯಲಿಲ್ಲ. ಡಾಕ್ಟರು ಮರೆವಿನ ಕಾಯಿಲೆ ಅಂದರು. ಥಾಣೆಯ ಕ್ಯಾಂಟೀನನ್ನು ಮಗ ನೋಡಿಕೊಳ್ಳತೊಡಗಿದ. ಧಣಿ ಮನೆ ಹಿಡಿದರು.

ನಾನು ರವಿವಾರಗಳಲ್ಲಿ ಹೋಗಿ ಬರುತ್ತಿದ್ದೆ. ಮೊದಮೊದಲು ಗುರುತು ಹಿಡಿಯುತ್ತಿದ್ದರು.

"ಅಲ್ಲಿ ಹೇಗುಂಟು?" ಅಂತ ಕೇಳಿದರು ಒಮ್ಮೆ.

"ಈಗರ ಬಂದು ನೋಡ್ರಿ. ನಾನ ಕರಕೊಂಡು ಹೋಗ್ತೀನಿ."

"ನಾನು ಬರುದಿಲ್ಲ ಅಂತ ಹೇಳಿದ್ದೇನಲ್ಲ?"

ಹೆಂಡತಿ ಊಟ ಬಡಿಸಿದ್ದನ್ನೇ ಮರೆಯುವ ಮನುಷ್ಯನಿಗೆ ಆ ಒಂದು ಮಾತು ಮರೆತಿರಲಿಲ್ಲ! ಆ ಸುಡುಗಾಡು ಮಾತಿನ ಮೇಲೆ ನನಗೆ ಎಂಥ ಸಿಟ್ಟು ಬಂತು ಅಂದರೆ, ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಕೆಲವು ತಿಂಗಳ ಮೇಲೆ ಅವರಿಗೆ ಅದೂ ಮರೆಯಿತು. ನನ್ನ ಗುರುತೂ ಮರೆತುಹೋಯಿತು. ಬಾಗಿಲು ತೆಗೆದರೆ, "ಯಾರು ಬೇಕಿತ್ತು?" ಅಂತ ನಗುಮುಖದಲ್ಲಿ ಕೇಳುತ್ತಿದ್ದರು.

ಅವರ ಹೆಂಡತಿ ಒಂದು ದಿನ ನನಗೆ ಫೋನು ಮಾಡಿದರು. "ಮನೆಯಲ್ಲೇ ಕೂತು ಕೂತು ಇವರು ಇನ್ನೂ ಮಂಕಾಗ್ತಾ ಇದ್ದಾರೆ. ದೊಡ್ಡ ಪಾತ್ರೆ, ಸಾರಿನ ಪರಿಮಳ ಎಲ್ಲ ನೋಡಿದ್ರೆ ಎಂತಾದ್ರೂ ನೆನಪಾದೀತಾ ಏನೋ. ಥಾಣೆಗೆ ಬೇಡ ಅಂತಾನೆ ಮಗ, ಅಲ್ಲಿ ಎಲ್ಲರ ಎದುರು ಬೇಜಾರು. ನಿನ್ನಲ್ಲಿಗೆ ಕರ್ಕೊಂಡು ಬರ್ಲಾ?"

ನಾಳೆನ ಕರಕೊಂಡು ಬರ್ರಿ ಅಂದೆ. ಬರ್ತಾರೆ. ಕೊನೆಗೂ ಬರ್ತಾರೆ.

ಆಗ ನನಗೊಂದು ಹುಚ್ಚು ವಿಚಾರ ಬಂತು. ಎಲ್ಲ ಸರಿಯಾಗಿದ್ದರೆ ಅವರು ಏನಂತ ಬೈಯುತ್ತಾರೆ? ಬೈಯದಿದ್ದರೆ ಏನು ನೆನಪಾದೀತು? ಅಡುಗೆಮನೆಗೆ ಹೋಗಿ ಎಲ್ಲರನ್ನೂ ನಿಲ್ಲಿಸಿ ಹೇಳಿದೆ: ನಾಳೆ ಧಣಿಯ ಊಟದಲ್ಲಿ ಒಂದೂ ನೆಟ್ಟಗಿರಬಾರದು. ಬೀನ್ಸ್ ಹೆಬ್ಬೆರಳಿನ ಗಾತ್ರ ಇರಲಿ. ಅನ್ನ ಮುದ್ದೆಯಾಗಲಿ. ಸಾರಿಗೆ ಉಪ್ಪು ಬೇಡ. ತಟ್ಟೆ ಒರೆಸಬೇಡಿ.

ಮರಾಠಿ ಬಾಯಿ ನನಗೆ ಜ್ವರ ಬಂದಿದೆಯೇ ಅಂತ ಹಣೆ ಮುಟ್ಟಿ ನೋಡಿದಳು. ಅಡುಗೆಯವರು ಸೌಟು ಕೆಳಗಿಟ್ಟರು.

"ನನ್ನ ಕೈಯಾರೆ ಕೆಡಿಸ್ಲಿಕ್ಕೆ ಆಗುದಿಲ್ಲ ಅಕ್ಕ. ಅದೂ ಧಣಿಗೆ?"

"ನಾ ಈ ಕುರ್ಚಿ ಮ್ಯಾಲೆ ಕುಂತಾಗಿಂದ ನಿಮಗ ಹಿಂಗ ಮಾಡ್ರಿ, ಹಂಗ ಮಾಡ್ರಿ ಅಂದೀನೇನ್ರಿ? ಇದೊಂದ ಸಲ ನಾ ಹೇಳಿದಂಗ ಮಾಡ್ರಿ."

ಅವರು ಅಟ್ಟಣಿಗೆಯಿಂದ ಒಂದು ಸಣ್ಣ ಪಾತ್ರೆ ಇಳಿಸಿಕೊಂಡರು. "ಕೆಲಸಗಾರರ ಊಟ ಕೆಡಿಸುದಿಲ್ಲ. ಧಣಿಗೆ ಬೇರೆ ಸಣ್ಣ ಪಾತ್ರೆಯಲ್ಲಿ ಮಾಡ್ತೇನೆ," ಅಂದರು.

ಊಟದ ಗದ್ದಲ ಮುಗಿದ ಮೇಲೆ ಧಣಿ ಬಂದರು. ಅದೇ ಬಿಳಿ ಅರ್ಧ ತೋಳಿನ ಅಂಗಿ, ಹೆಂಡತಿಯ ಕೈ ಹಿಡಿದಿದ್ದರು. ಸಭ್ಯ ಅತಿಥಿಯ ಹಾಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ತೋರಿಸಿದ ಕಡೆ ಕೂತರು. ನಾನೇ ತಟ್ಟೆ ತಂದಿಟ್ಟೆ. ನೀರು ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಎಲ್ಲರೂ ಒಬ್ಬರ ಹಿಂದೊಬ್ಬರು ನಿಂತಿದ್ದರು. ಅನ್ನಿ, ತಟ್ಟೆಯಾ ಕೆರೆಯಾ ಅನ್ನಿ, ಅಂತ ನನ್ನ ಒಳಗೆಲ್ಲ ಕೂಗುತ್ತಿತ್ತು.

ಧಣಿ ತಟ್ಟೆಯನ್ನು ಮೆಲ್ಲಗೆ ಓರೆ ಮಾಡಿ, ನೀರನ್ನು ಯಾರಿಗೂ ಸಿಡಿಯದ ಹಾಗೆ ಪಕ್ಕಕ್ಕೆ ಬಸಿದರು. ಮುದ್ದೆಯಾದ ಅನ್ನಕ್ಕೆ ಉಪ್ಪಿಲ್ಲದ ಸಾರು ಕಲಸಿ ಉಂಡರು. ಬೀನ್ಸಿನ ದಪ್ಪ ತುಂಡುಗಳನ್ನು ಅಂಚಿಗೆ ಸರಿಸಿಟ್ಟರು. "ಇನ್ನು ಸ್ವಲ್ಪ ಸಾರು ಹಾಕ್ತೀರಾ?" ಅಂತ ಕೇಳಿದರು. ನಾನು ಬಡಿಸುವಾಗ ಸಾರು ಮೇಜಿನ ಮೇಲೆ ಚೆಲ್ಲಿತು. "ಪರವಾಗಿಲ್ಲ, ಪರವಾಗಿಲ್ಲ," ಅಂದರು. ಅವರ ಹೆಂಡತಿ ಗಂಡನ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದರು.

ಕೈ ತೊಳೆದು ಬಂದು ಧಣಿ ನನ್ನ ಎದುರು ನಿಂತರು.

"ಊಟ ಭಾರೀ ಲಾಯ್ಕುಂಟು ಅಮ್ಮಾ. ಇಲ್ಲಿಯ ಧಣಿ ಯಾರು?"

ಅಡುಗೆಯವರು ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟರು. ಉತ್ತರ ನಾನೇ ಹೇಳಿದೆ.

"ಅವರು ಇಲ್ಲೆ ಬರೂದಿಲ್ರಿ. ನಮ್ಮ ಮ್ಯಾಲೆ ಬಿಟ್ಟಾರ."

"ಬರುದಿಲ್ಲವಾ?" ಅವರ ಹುಬ್ಬು ಗಂಟಿಕ್ಕಿತು. ಎಷ್ಟೋ ವರ್ಷಗಳ ಮೇಲೆ ಆ ಹಳೆಯ ದನಿ ಏರಿತು. "ಅದೆಂತ ಮನುಷ್ಯ ಅವರು? ಇಷ್ಟು ಜನ ಸೇರಿ ಇಷ್ಟು ಲಾಯ್ಕಲ್ಲಿ ನಡೆಸ್ತಾ ಇದ್ದೀರಿ. ಒಮ್ಮೆ ಬಂದು ನೋಡ್ಬೇಕಾ ಬೇಡ್ವಾ? ಅಷ್ಟೂ ಗೊತ್ತಾಗುದಿಲ್ವಾ ಅವರಿಗೆ? ನೀವು ಹೇಳ್ಬೇಕು!"

"ಬಂದಾರ್ರಿ," ಅಂದೆ. "ಇವತ್ತ ಬಂದಾರ."

"ಹೌದಾ? ಎಂತ ಹೇಳಿದ್ರು?"

"ಬೈದ್ರು ರೀ. ಭಾಳ ಬೈದ್ರು."

ನನ್ನ ಕಣ್ಣೀರು ನೋಡಿ ಅವರ ಮುಖ ಮೆತ್ತಗಾಯಿತು. ಜೇಬಿನಿಂದ ಕರವಸ್ತ್ರ ತೆಗೆದು ನನ್ನ ಕೈಗಿಟ್ಟರು.

"ಬೈಲಿ ಬಿಡಿ ಅಮ್ಮಾ," ಅಂದರು. "ಬಂದ್ರಲ್ಲ."

ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಹೆಂಡತಿ ಕೈ ಹಿಡಿಯುವವರೆಗೆ ಬಾಗಿಲಲ್ಲಿ ನಿಂತು ಕಾದರು.